ತಂತಿಯ ತುದಿಯಲ್ಲಿ ತೂಗುವ ಕಡಲು

ಎಂಟೇ ಎಂಟು ಮಿಲಿಮೀಟರ್! ಕಿರುಬೆರಳಿಗಿಂತ ಸಪೂರವಾದ ಉಕ್ಕಿನ ತಂತಿ. ಒಂದು ತುದಿ ಹಡಗಿನ ವಿಂಚ್‌ನಲ್ಲಿ, ಇನ್ನೊಂದು ನಾಲ್ಕು ಕಿಲೋಮೀಟರ್ ಕೆಳಗೆ, ಸೂರ್ಯನ ಬೆಳಕು ಎಂದೂ ಮುಟ್ಟದ ನೀರಿನಲ್ಲಿ. ತಂತಿಯ ಹೊಟ್ಟೆಯಲ್ಲಿ ಓಡುವ ವಿದ್ಯುತ್ ಎಳೆಯ ಮೂಲಕ ಆಳದ ಉಪ್ಪು, ಉಷ್ಣತೆ, ಒತ್ತಡದ ಸುದ್ದಿ ಆ ಕ್ಷಣವೇ ಮೇಲೆ ಬರುತ್ತದೆ. ಪರದೆ ನೋಡುವವರು ವಿಜ್ಞಾನಿಗಳು, ಸರಿ. ತಂತಿ ಇಳಿಸುವವರು? ಡೆಕ್ಕಿನ ಖಲಾಸಿಗಳು. ಕಡಲಾಳದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೆಲ್ಲ ಇವರ ಕೈ ದಾಟಿ ಬಂದಿದೆ!

ಆಳದ ಈ ಸುದ್ದಿ ಕಳಿಸುವ, ಸಿಟಿಡಿ ಎಂಬ ಉಪಕರಣದ ಸುತ್ತ ಸಾಮಾನ್ಯವಾಗಿ ಹತ್ತು ಲೀಟರಿನ 24 ಬಾಟಲಿಗಳು. ಬಾಯಿ ತೆರೆದುಕೊಂಡೇ ಇಳಿಯುತ್ತವೆ. ಏರಿ ಬರುವಾಗ ಬೇಕಾದ ಆಳದಲ್ಲಿ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ, ಅಂದರೆ ಇಳಿಯಲಿಕ್ಕೇ ಗಂಟೆಗೂ ಮಿಗಿಲು. ತಳದಲ್ಲಿ ಒತ್ತಡ ನಮ್ಮ ಮೇಲಿರುವ ಗಾಳಿಯ 400 ಪಟ್ಟು! ಥರ್ಮೋಕೋಲ್ ಲೋಟವನ್ನು ಚೀಲದಲ್ಲಿ ಕಟ್ಟಿ ಜೊತೆಗೆ ಕಳಿಸಿದರೆ ಪುಟಾಣಿಯಾಗಿ ಕುಗ್ಗಿ ಬರುತ್ತದೆ. ಸಂಶೋಧನಾ ಹಡಗುಗಳಲ್ಲಿ ಇದು ಹಳೆಯ ಮೋಜು.

ಮೋಜು ಮುಗಿಯುವುದು ಉಪಕರಣ ನೀರು ಬಿಟ್ಟು ಮೇಲೆದ್ದಾಗ. ನೀರು ತುಂಬಿದ ಅರ್ಧ ಟನ್ನಿಗೂ ಹೆಚ್ಚಿನ ಭಾರ ಗಾಳಿಯಲ್ಲಿ ತೂಗುತ್ತಿದೆ, ಕಾಲ ಕೆಳಗೆ ಹಡಗು ಹೊಯ್ದಾಡುತ್ತಿದೆ. ಖಲಾಸಿಗಳ ಮುಖ್ಯಸ್ಥ ಬೋಸನ್ ಎತ್ತಿದ ಕೈಯೇ ಇಲ್ಲಿ ಭಾಷೆ. ವಿಂಚಿನವನ ಕಣ್ಣು ಅದರ ಮೇಲೆ. ಇಬ್ಬರು ಉದ್ದ ಕೋಲಿನ ಕೊಕ್ಕೆಯಿಂದ ಹಗ್ಗ ಸಿಕ್ಕಿಸಿ ಎರಡೂ ಕಡೆಯಿಂದ ಬಿಗಿಹಿಡಿಯುತ್ತಾರೆ. ಬಿಗಿದ ತಂತಿಯ ನೇರಕ್ಕೆ ನಿಲ್ಲಬಾರದು, ಹಗ್ಗದ ಸುರುಳಿಯೊಳಗೆ ಕಾಲಿಡಬಾರದು. ಯಾವ ಪದವಿ ಕಲಿಸುತ್ತದೆ ಈ ಲೆಕ್ಕವನ್ನು?

ತಂತಿ ಹರಿದರೆ? 1968ರ ಅಕ್ಟೋಬರ್ 16ರಂದು ಹರಿದೇಬಿಟ್ಟಿತು! ಅಮೆರಿಕದ ಪುಟ್ಟ ಜಲಾಂತರ್ಗಾಮಿ 'ಆಲ್ವಿನ್' ಅನ್ನು ತಾಯಿಹಡಗು 'ಲುಲು'ವಿನಿಂದ ಇಳಿಸುತ್ತಿದ್ದಾಗ ಉಕ್ಕಿನ ಹಗ್ಗಗಳು ತುಂಡಾದವು. ಮುಚ್ಚಳ ತೆರೆದೇ ಇತ್ತು. ಒಳಗಿದ್ದ ಮೂವರೂ ಹೇಗೋ ಹೊರಬಿದ್ದು ಬದುಕಿದರು. ಆಲ್ವಿನ್ ಒಂದೂವರೆ ಕಿಲೋಮೀಟರ್ ಆಳಕ್ಕೆ ಹೋಗಿ ಕೂತಿತು, ಮಧ್ಯಾಹ್ನದ ಊಟದ ಸಮೇತ. ಹತ್ತು ತಿಂಗಳ ಮೇಲೆ ಎತ್ತಿ ನೋಡುತ್ತಾರೆ: ಸ್ಯಾಂಡ್‌ವಿಚ್ ನೆಂದಿದೆ, ಕೆಟ್ಟಿಲ್ಲ! ಸೇಬೂ ಹಾಗೇ ಇದೆ! ಅದೇ ಊಟ ಮೂರು ಡಿಗ್ರಿಯ ಫ್ರಿಜ್ಜಿನಲ್ಲಿ ಕೆಲವೇ ವಾರಗಳಲ್ಲಿ ಹಳಸಿತು. ಹಾಗಾದರೆ ಅಷ್ಟು ಆಳದಲ್ಲಿ ಸೂಕ್ಷ್ಮಜೀವಿಗಳು ಎಷ್ಟು ನಿಧಾನವಾಗಿ ಕೆಲಸ ಮಾಡುತ್ತಿರಬೇಕು? ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಸೂಕ್ಷ್ಮಜೀವಿ ತಜ್ಞ ಹೋಲ್ಗರ್ ಯಾನಾಷ್ ಈ ಪ್ರಶ್ನೆಯ ಬೆನ್ನು ಹತ್ತಿದರು. 1971ರಲ್ಲಿ ಪ್ರಬಂಧವೂ ಬಂತು. ಡೆಕ್ಕಿನ ಮೇಲಿನ ಅವಘಡ ಒಂದು ಸಂಶೋಧನೆಯ ಬಾಗಿಲನ್ನೇ ತೆರೆಯಿತು.

ನಮ್ಮ ಮಳೆಯ ಗುಟ್ಟೂ ಇಂಥ ತಂತಿಗೆ ತಗಲಿಕೊಂಡಿದೆ. 2016ರ ಮುಂಗಾರಿನಲ್ಲಿ, ನಮ್ಮ ಕರಾವಳಿಯ ಮೀನುಗಾರರು ದೋಣಿ ದಡಕ್ಕೆಳೆಯುವ ಕಾಲದಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದ ತಂಡ 'ಸಿಂಧು ಸಾಧನ' ಹಡಗಿನಲ್ಲಿ ಚೆನ್ನೈ ಬಿಟ್ಟು ಬಂಗಾಳಕೊಲ್ಲಿಯ ದಕ್ಷಿಣಕ್ಕೆ ಹೋಯಿತು. ಅರಬ್ಬಿ ಕಡಲಿನ ಹೆಚ್ಚು ಉಪ್ಪಿನ ನೀರು ಶ್ರೀಲಂಕಾವನ್ನು ಬಳಸಿ ಬಂದು ಕೊಲ್ಲಿಯ ಸಿಹಿಮಿಶ್ರಿತ ಮೇಲ್ಪದರದ ಅಡಿಗೆ ನುಸುಳುತ್ತದೆ. ಪಶ್ಚಿಮದ ಕಡಲು ಪೂರ್ವದ ಕಡಲಿನ ಕೆಳಗೆ! ಕೊಲ್ಲಿಯ ಈ ಪದರಗಳು ಮುಂಗಾರಿನ ಮೇಲೂ ಪ್ರಭಾವ ಬೀರುತ್ತವೆ. ಅವನ್ನು ಅಳೆಯಲು ಆ ಗಾಳಿಮಳೆಯಲ್ಲಿ ಸಿಟಿಡಿ ಇಳಿಸಬೇಕು, ಎತ್ತಬೇಕು, ಮತ್ತೆ ಇಳಿಸಬೇಕು.

ಈಗ ಸುಮಾರು 4,000 ಆರ್ಗೋ ತೇಲುಯಂತ್ರಗಳು ತಾವಾಗಿಯೇ ಮುಳುಗಿ ಎದ್ದು, ಹತ್ತು ದಿನಕ್ಕೊಮ್ಮೆ ಉಪಗ್ರಹಕ್ಕೆ ವರದಿ ಒಪ್ಪಿಸುತ್ತವೆ. ಇನ್ನು ಖಲಾಸಿ ಏಕೆ ಎನ್ನುವವರಿದ್ದಾರೆ. ಆದರೆ ಅವುಗಳಲ್ಲಿ ಹೆಚ್ಚಿನವು ಎರಡು ಕಿಲೋಮೀಟರಿಗಿಂತ ಕೆಳಗೆ ಹೋಗುವುದಿಲ್ಲ. ಅವು ಹೇಳಿದ ಉಪ್ಪಿನ ಲೆಕ್ಕ ಸರಿಯೇ ಎಂದು ತಾಳೆ ನೋಡಲು ಹಡಗು ತಂದ ಬಾಟಲಿ ನೀರೇ ಬೇಕು. ಮತ್ತು ಆ ಯಂತ್ರವನ್ನು ಮೊದಲ ಸಲ ಅಲೆಗೆ ಬಡಿಯದಂತೆ ನೀರಿಗಿಡಲು, ಹಗ್ಗ ಹಿಡಿದು ಹಡಗಿನ ಅಂಚಿನಲ್ಲಿ ಒಬ್ಬ ನಿಲ್ಲಲೇಬೇಕು.