ಊರಿನ ಹೆಸರು ಹುಡುಕಿದರೆ ಸಿಗಬೇಕು
ಮೊಬೈಲಿನಲ್ಲಿ ಕನ್ನಡ ಬರೆಯುವವರಿಗೆ ಕೆಲವು ಸೂಚನೆಗಳು

ಉಚ್ಚಂಗಿದುರ್ಗದಂತಹ ಊರಿನ ಬಗ್ಗೆ ಬರೆಯಬೇಕೆನ್ನುವವರಿಗೆ ವಿಷಯದ ಕೊರತೆ ಇಲ್ಲ. ನೊಳಂಬವಾಡಿಯನ್ನು ಆಳಿದ ಪಾಂಡ್ಯರ ನೆಲೆ ಅದು. ಹೊಯ್ಸಳ ವಿಷ್ಣುವರ್ಧನನೂ ಅವನ ನಂತರ ಇಮ್ಮಡಿ ವೀರಬಲ್ಲಾಳನೂ ಗೆದ್ದ ಕೋಟೆ ಅದು. ಬೆಟ್ಟದ ಮೇಲೆ ಉಚ್ಚಂಗೆಮ್ಮನ ಗುಡಿಯಿದೆ. ಹುಣ್ಣಿಮೆಗೆ, ಜಾತ್ರೆಗೆ ಬರುವ ಭಕ್ತರಿದ್ದಾರೆ. ಇದನ್ನೆಲ್ಲ ಬರೆದಿಡಲು ಹಿಂದೆ ಸ್ಮರಣ ಸಂಚಿಕೆ ಬೇಕಿತ್ತು, ಅಚ್ಚಿನ ಖರ್ಚು ಬೇಕಿತ್ತು. ಇಂದು ಊರಿನ ಯುವಕ ಯುವತಿಯರು ಕೈಯಲ್ಲಿರುವ ಮೊಬೈಲಿನಲ್ಲೇ ಬರೆದು, ಚಿತ್ರ ತೆಗೆದು, ಬ್ಲಾಗಿನಲ್ಲಿ ಪ್ರಕಟಿಸಬಲ್ಲರು.

ಆದರೆ ಪ್ರಕಟವಾದ ಮಾತ್ರಕ್ಕೆ ಬರಹ ಉಳಿಯಿತೆಂದು ಹೇಳಲಾಗದು. ಹುಡುಕುವವರಿಗೆ ಅದು ಸಿಗಬೇಕು. ಹತ್ತು ವರ್ಷ ಕಳೆದ ಮೇಲೂ ತೆರೆದುಕೊಳ್ಳಬೇಕು. ಇವೆರಡಕ್ಕೂ ಬೇಕಾದದ್ದು ದುಬಾರಿ ಮೊಬೈಲಲ್ಲ, ಕೆಲವು ಒಳ್ಳೆಯ ಅಭ್ಯಾಸಗಳು. ಮಾತುಕತೆಯ ಸೀಮಿತ ಸಮಯದಲ್ಲಿ ವಿವರಿಸಲಾಗದ ಅಂತಹ ಸಂಗತಿಗಳನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.

ಅಕ್ಷರದ ಆಕಾರ, ಅಕ್ಷರದ ಸಂಖ್ಯೆ

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಹಳೆಯ ಕನ್ನಡ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಅಕ್ಷರಶೈಲಿ ಇರುವ ಗಣಕದಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತಿತ್ತು. ಬೇರೆಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಮುದ್ರಣಕ್ಕೆ ಈ ವ್ಯವಸ್ಥೆ ಸಾಕಾಗಿತ್ತು, ಏಕೆಂದರೆ ಕಾಗದದ ಮೇಲೆ ಬೇಕಾದದ್ದು ಆಕಾರ ಮಾತ್ರ. ಅಂತರಜಾಲದಲ್ಲಿ ಹುಡುಕುವುದಕ್ಕೆ ಅದು ಸಾಲದು.

ಯುನಿಕೋಡ್ ಈ ತೊಡಕನ್ನು ನಿವಾರಿಸಿತು. ಪ್ರಪಂಚದ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ನೀಡುವ ಈ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಇದೆ. ಕನ್ನಡಕ್ಕೆ 128 ಸ್ಥಾನಗಳಿವೆ. ಉದಾಹರಣೆಗೆ ‘ದುರ್ಗ’ ಎಂಬ ಪದವನ್ನೇ ನೋಡಿ. ಕಣ್ಣಿಗೆ ಮೊದಲು ‘ಗ’, ಆಮೇಲೆ ಅದರ ಬಲಕ್ಕೆ ಅರ್ಕಾವೊತ್ತು ಕಾಣುತ್ತದೆ. ಹಳೆಯ ಕಡತಗಳಲ್ಲಿ ಸಂಗ್ರಹವಾಗುತ್ತಿದ್ದುದೂ ಅದೇ ಕ್ರಮದಲ್ಲಿ. ಯುನಿಕೋಡಿನಲ್ಲಾದರೆ ನಾವು ಉಚ್ಚರಿಸುವ ಕ್ರಮದಲ್ಲೇ ರ, ಹಲಂತ, ಗ ಎಂದು ದಾಖಲಾಗುತ್ತದೆ. ಅವುಗಳ ಸಂಖ್ಯೆ 3248, 3277, 3223. ಅರ್ಕಾವೊತ್ತನ್ನು ಎಲ್ಲಿ ಹೇಗೆ ತೋರಿಸಬೇಕೆಂಬುದನ್ನು ಅಕ್ಷರಶೈಲಿ ನೋಡಿಕೊಳ್ಳುತ್ತದೆ. ಆದ್ದರಿಂದ ಅಕ್ಷರಶೈಲಿ ಬದಲಾದರೂ ಪದ ಕೆಡುವುದಿಲ್ಲ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಯುನಿಕೋಡ್ ಅಕ್ಷರಶೈಲಿ ಇತ್ತು. ಮೊಬೈಲುಗಳಲ್ಲಿ 2012ರ ಆಂಡ್ರಾಯ್ಡ್ 4.1ರಿಂದ ಕನ್ನಡಕ್ಕೆ ಬೆಂಬಲ ದೊರೆಯಿತು. ಈಗಿನ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದೆಲ್ಲ ಯುನಿಕೋಡೇ. ಆದ್ದರಿಂದ ಹೊಸದಾಗಿ ಮೊಬೈಲಿನಲ್ಲಿ ಬರೆಯುವವರಿಗೆ ಈ ವಿಷಯದಲ್ಲಿ ಚಿಂತೆ ಇಲ್ಲ. ಕಷ್ಟವಿರುವುದು ಹಳೆಯ ಕಡತಗಳಲ್ಲಿ.

ಹಳೆಯ ಕಡತಗಳನ್ನು ಏನು ಮಾಡಬೇಕು?

1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮುಂತಾದ ತಂತ್ರಾಂಶಗಳಲ್ಲಿ ಸಿದ್ಧವಾದ ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕ ಸಂಚಿಕೆ, ಅಭಿನಂದನ ಗ್ರಂಥಗಳ ಕಡತಗಳು ಡಿಟಿಪಿ ಅಂಗಡಿಗಳ ಗಣಕಗಳಲ್ಲಿ ಇಂದಿಗೂ ಇರಬಹುದು. ನಿಮ್ಮ ಊರಿನ ಸಂಚಿಕೆಯ ಕಡತ ಸಿಕ್ಕರೆ ಅದನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತನ್ನಿ. ಈ ಎರಡೂ ತಂತ್ರಾಂಶಗಳಲ್ಲಿ ಅದಕ್ಕೆ ಅನುಕೂಲವಿದೆ. ಪರಿವರ್ತಿಸಿದ ಮೇಲೆ ಒಮ್ಮೆ ಪೂರ್ತಿ ಓದಲೇಬೇಕು. ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳ ಕಡೆ ವಿಶೇಷ ಗಮನವಿರಲಿ. ಇಸವಿಯ ಒಂದು ಅಂಕಿ ತಪ್ಪಿದರೆ ಆ ತಪ್ಪನ್ನೇ ಮುಂದಿನವರು ನಕಲು ಮಾಡುತ್ತಾರೆ. ಮೂಲ ಕಡತವನ್ನು ಅಳಿಸದೆ ಹಾಗೆಯೇ ಇಟ್ಟುಕೊಳ್ಳಿ.

ಕಡತ ಕಳೆದುಹೋಗಿ ಅಚ್ಚಾದ ಪ್ರತಿ ಮಾತ್ರ ಉಳಿದಿದ್ದರೆ, ಪುಟದ ಚಿತ್ರ ತೆಗೆದು ಗೂಗಲ್ ಲೆನ್ಸ್ ಅಥವಾ ಗೂಗಲ್ ಡಾಕ್ಸ್ ಮೂಲಕ ಅಕ್ಷರಗಳನ್ನು ಪಡೆಯಬಹುದು. ಅಚ್ಚು ಸ್ಪಷ್ಟವಾಗಿದ್ದು ಪುಟ ಸಪಾಟಾಗಿದ್ದರೆ ಫಲಿತಾಂಶ ಉತ್ತಮವಾಗಿರುತ್ತದೆ. ಆದರೂ ಮೂಲದೊಡನೆ ಹೋಲಿಸಿ ತಿದ್ದದೆ ಪ್ರಕಟಿಸಬಾರದು.

ಸೊನ್ನೆಯಲ್ಲಿ ಅಡಗಿದ ತೊಡಕು

‘ಉಚ್ಚಂಗಿ’ ಎಂಬ ಪದದ ನಡುವೆ ಅನುಸ್ವಾರವಿದೆ. ಅದನ್ನು ಸೊನ್ನೆ ಎಂದೇ ಕರೆಯುವುದು ರೂಢಿ. ಕೆಲವರು ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನೇ ಒತ್ತಿಬಿಡುತ್ತಾರೆ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ರೀತಿ. ಆದರೆ ಅನುಸ್ವಾರದ ಸಂಖ್ಯೆ 3202, ಅಂಕಿಯ ಸಂಖ್ಯೆ 3302. ಗಣಕದ ಲೆಕ್ಕದಲ್ಲಿ ಅವು ಎರಡು ಬೇರೆ ಪದಗಳು. ನಿಮ್ಮದೇ ಕಡತದಲ್ಲಿ ‘ಉಚ್ಚಂಗಿ’ ಎಂದು ಹುಡುಕಿದಾಗ ಕಣ್ಣೆದುರಿಗಿರುವ ಪದವೂ ಸಿಗದಿದ್ದರೆ ಮೊದಲು ಈ ಸೊನ್ನೆಯನ್ನು ಪರೀಕ್ಷಿಸಿ. ಪದವನ್ನು ಅಳಿಸಿ ಮತ್ತೆ ಬರೆದರೆ ಸರಿಹೋಗುತ್ತದೆ.

ಎರಡನೆಯದು ಹೆಸರಿನ ರೂಪಗಳು. ಉಚ್ಚಂಗಿದುರ್ಗ, ಉಚ್ಚಂಗಿ ದುರ್ಗ, ಉಚ್ಚೆಂಗಿದುರ್ಗ ಎಂದು ಬರೆಯುವವರಿದ್ದಾರೆ. ದೇವಿಯನ್ನು ಉಚ್ಚಂಗೆಮ್ಮ ಎಂದೂ ಉತ್ಸವಾಂಬೆ ಎಂದೂ ಕರೆಯುತ್ತಾರೆ. ಲೇಖನದುದ್ದಕ್ಕೂ ಒಂದೇ ರೂಪವನ್ನು ಬಳಸಿ. ಮೊದಲ ಪ್ಯಾರಾದಲ್ಲಿ ಮಾತ್ರ ಉಳಿದ ರೂಪಗಳನ್ನೂ ಒಮ್ಮೆ ಹೇಳಿ. ಯಾವ ರೂಪದಲ್ಲಿ ಹುಡುಕಿದವರಿಗೂ ನಿಮ್ಮ ಬರಹ ಸಿಗುವ ಸಾಧ್ಯತೆ ಆಗ ಹೆಚ್ಚುತ್ತದೆ.

ಬ್ಲಾಗರ್ ಬಳಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಪುಟದ ವಿಳಾಸದಲ್ಲಿ ಬರೀ ‘ಬ್ಲಾಗ್ ಪೋಸ್ಟ್’ ಎಂಬ ಪದವೂ ಒಂದು ಸಂಖ್ಯೆಯೂ ಬರುತ್ತವೆ. ಪ್ರಕಟಿಸುವ ಮೊದಲೇ ವಿಳಾಸದ ಜಾಗದಲ್ಲಿ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಆಮೇಲೆ ವಿಳಾಸ ಬದಲಿಸಿದರೆ ಅದುವರೆಗೆ ಹಂಚಿಕೊಂಡ ಕೊಂಡಿಗಳು ಕೆಲಸಕ್ಕೆ ಬಾರದಂತಾಗುತ್ತವೆ.

ಜಿಲ್ಲೆ ಯಾವುದು? ದಿನಾಂಕ ಹಾಕಿ

ಹರಪನಹಳ್ಳಿ ತಾಲ್ಲೂಕಿನ ಬಗ್ಗೆ ಬರೆಯುವವರಿಗೆ ದಿನಾಂಕದ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅಲ್ಲಿಗೆ ಹೋಯಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳ ಜೊತೆಯಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಊರು ಇದ್ದಲ್ಲೇ ಇದೆ, ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತ ಬಂದಿದೆ.

ಇದರಿಂದ ಎರಡು ಸೂಚನೆಗಳು ದೊರೆಯುತ್ತವೆ. ಒಂದು, ಪ್ರತಿಯೊಂದು ಬರಹದಲ್ಲಿಯೂ ಬರೆದ ದಿನಾಂಕ, ತಾಲ್ಲೂಕು, ಅಂದಿನ ಜಿಲ್ಲೆಗಳನ್ನು ನಮೂದಿಸಿ. ಎರಡು, ಹಳೆಯ ಮಾಹಿತಿ ಹುಡುಕುವಾಗ ಹಳೆಯ ಆಡಳಿತದ ಹೆಸರಿನಲ್ಲಿ ಹುಡುಕಿ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಗೆಜೆಟಿಯರು ಬಳ್ಳಾರಿಯ ಹೆಸರಿನಲ್ಲಿದೆ. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿವೆ. ದಾವಣಗೆರೆ ಎಂದೋ ವಿಜಯನಗರ ಜಿಲ್ಲೆ ಎಂದೋ ಹುಡುಕಿದರೆ ಇಂತಹ ಗ್ರಂಥಗಳು ಸುಲಭವಾಗಿ ಕೈಗೆ ಸಿಗುವುದಿಲ್ಲ.

ಚಿತ್ರ ತೆಗೆಯುವಾಗ

ಶಾಸನದ ಕಲ್ಲನ್ನು ನಡುಮಧ್ಯಾಹ್ನ ಚಿತ್ರ ತೆಗೆದರೆ ಸವೆದ ಅಕ್ಷರಗಳು ಕಾಣುವುದು ಕಷ್ಟ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರದ ಗುಂಡಿಯಲ್ಲಿ ನೆರಳು ಬಿದ್ದು ರೂಪ ಎದ್ದು ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಾದರೆ ಮೊಬೈಲಿನ ಮಿಂಚುಬೆಳಕನ್ನು ನಿಲ್ಲಿಸಿ, ಇನ್ನೊಬ್ಬರ ಕೈಯಲ್ಲಿ ಟಾರ್ಚು ಕೊಟ್ಟು ಪಕ್ಕದಿಂದ ಬೆಳಕು ಹಾಯಿಸಿ. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ, ಉಜ್ಜಬೇಡಿ, ಕಲ್ಲಿಗೆ ಹಾನಿ. ಇಡೀ ಕಲ್ಲಿನದೊಂದು ಚಿತ್ರ, ಅಳತೆಗಾಗಿ ಪಟ್ಟಿ ಇಟ್ಟು ಒಂದು, ಸಾಲುಸಾಲಾಗಿ ಹತ್ತಿರದಿಂದ ಕೆಲವು ಇದ್ದರೆ ಬಲ್ಲವರು ಓದಿ ಹೇಳಬಲ್ಲರು.

ಮೊಬೈಲಿನ ಚಿತ್ರದ ಕಡತದೊಳಗೆ ತೆಗೆದ ದಿನಾಂಕ, ವೇಳೆ, ಅನುಮತಿ ಕೊಟ್ಟಿದ್ದರೆ ಸ್ಥಳವೂ ದಾಖಲಾಗುತ್ತದೆ. ಅದನ್ನು ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗುವುದಲ್ಲದೆ ಈ ವಿವರಗಳೂ ಅಳಿಸಿಹೋಗುತ್ತವೆ. ಶಾಸನದ ಚಿತ್ರ ಕಳಿಸುವಾಗ ‘ಡಾಕ್ಯುಮೆಂಟ್’ ಎಂಬ ಆಯ್ಕೆಯಲ್ಲಿ ಕಳಿಸಿ. ಮೂಲ ಕಡತವೇ ತಲುಪುತ್ತದೆ. ಮನೆಯ, ಮಕ್ಕಳ ಚಿತ್ರಗಳನ್ನು ಮೂಲ ಕಡತವಾಗಿ ಕಳಿಸಿದರೆ ಮನೆಯ ಸ್ಥಳವೂ ಬೇರೆಯವರಿಗೆ ತಿಳಿಯುತ್ತದೆ ಎಂಬುದು ನೆನಪಿರಲಿ.

ಜಾತ್ರೆಯಲ್ಲಿ ಚಿತ್ರ ತೆಗೆಯುವವರಿಗೆ ಒಂದು ಎಚ್ಚರಿಕೆಯ ಮಾತು. ಹರಕೆ ತೀರಿಸುವವರು, ಮಡಿಯಲ್ಲಿರುವವರು, ಮೈಮೇಲೆ ದೇವರು ಬಂದವರು ನಮ್ಮ ಬರಹಕ್ಕಾಗಿ ಅಲ್ಲಿಗೆ ಬಂದವರಲ್ಲ. ಕೇಳದೆ ಅವರ ಮುಖ ಪ್ರಕಟಿಸಬಾರದು. ದೇವದಾಸಿ ಬಿಡುವುದನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿದೆ. ಅಂತಹ ಪ್ರಯತ್ನ ಕಂಡುಬಂದರೆ ಚಿತ್ರ ಹಾಕಿ ಸುದ್ದಿ ಮಾಡುವುದಲ್ಲ, ಕೂಡಲೇ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ಇಂತಹ ಪ್ರಕರಣದಲ್ಲಿ ಸಿಲುಕಿದ ಮಗುವಿನ ಹೆಸರು, ಶಾಲೆ, ಚಿತ್ರ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅಪರಾಧ. ಅಂತರಜಾಲಕ್ಕೆ ಹೋದ ಚಿತ್ರವನ್ನು ಪೂರ್ತಿ ಹಿಂದಕ್ಕೆ ಪಡೆಯುವುದು ಅಸಾಧ್ಯವೆಂದೇ ತಿಳಿಯಬೇಕು.

ಹಿರಿಯರ ಮಾತು, ಯಂತ್ರದ ಮಾತು

ಗೂಗಲ್ ಸಂಸ್ಥೆ 2017ರಲ್ಲಿ ಕನ್ನಡದಲ್ಲಿ ಮಾತನಾಡಿ ಬರೆಸುವ ಅನುಕೂಲ ಒದಗಿಸಿತು. ಬೆರಳಚ್ಚು ಬಾರದವರಿಗೆ ಇದೊಂದು ವರ. ಆದರೆ ಊರಿನ ಹೆಸರು, ಮನೆತನದ ಹೆಸರು, ಆಡುಮಾತಿನ ಪದಗಳಲ್ಲಿ ಅದು ತಪ್ಪುವುದುಂಟು. ಆದುದರಿಂದ ಹಿರಿಯರ ನೆನಪುಗಳನ್ನು ಕೇಳುವಾಗ ಮೊದಲು ಧ್ವನಿಯನ್ನೇ ಮುದ್ರಿಸಿಕೊಳ್ಳಿ. ಆರಂಭದಲ್ಲಿ ಮಾತನಾಡುವವರ ಹೆಸರು, ಊರು, ದಿನಾಂಕ ಹೇಳಿಸಿ, ಮುದ್ರಿಸಲೂ ಪ್ರಕಟಿಸಲೂ ಅವರ ಒಪ್ಪಿಗೆಯನ್ನು ಅದರಲ್ಲೇ ದಾಖಲಿಸಿ. ಬರಹ ತಪ್ಪಿದರೂ ಧ್ವನಿ ಸಾಕ್ಷಿಯಾಗಿ ಉಳಿಯುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಕೇಳಿದರೆ ಕೋಟೆಯ ಚರಿತ್ರೆಯನ್ನು ಕ್ಷಣದಲ್ಲಿ ಬರೆದುಕೊಡುತ್ತವೆ. ಭಾಷೆ ತಿದ್ದಲು, ಶೀರ್ಷಿಕೆ ಸೂಚಿಸಲು ಅವು ಉಪಯುಕ್ತ. ಆದರೆ ಇಲ್ಲದ ಶಾಸನವನ್ನೂ ಇಸವಿಯನ್ನೂ ಅಷ್ಟೇ ಧೈರ್ಯದಿಂದ ಅವು ಹೇಳಬಲ್ಲವು. ಪುಸ್ತಕದಲ್ಲೋ ಕಲ್ಲಿನ ಮೇಲೋ ನೀವೇ ಕಾಣದ ಇಸವಿಯನ್ನು ಬರೆಯಬೇಡಿ. ದೊಡ್ಡ ನಗರದ ಬಗ್ಗೆ ತಪ್ಪು ಬರೆದರೆ ತಿದ್ದುವವರು ನೂರು ಜನ. ಸಣ್ಣ ಊರಿನ ಬಗ್ಗೆ ಇರುವ ಒಂದೇ ಪುಟದಲ್ಲಿ ತಪ್ಪಿದ್ದರೆ ಅದೇ ಚರಿತ್ರೆಯಾಗಿಬಿಡುತ್ತದೆ.

ಕಾಪಿಟ್ಟುಕೊಳ್ಳುವ ಬಗೆ

ಉಚಿತವಾಗಿ ಸಿಕ್ಕ ಜಾಗ ಶಾಶ್ವತವಲ್ಲ. ಜಿಯೋಸಿಟೀಸ್ ಬಹುತೇಕ 2009ರಲ್ಲಿ, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಎರಡು ವರ್ಷ ಬಳಸದೆ ಬಿಟ್ಟ ಗೂಗಲ್ ಖಾತೆಗಳನ್ನು ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಗೆ ಬಂದಿದೆ. ಗೂಗಲ್ ಫೋಟೋಸಿನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಆದ್ದರಿಂದ ಈ ಕ್ರಮಗಳನ್ನು ರೂಢಿಸಿಕೊಳ್ಳಿ.

ಮೊದಲನೆಯದಾಗಿ, ಬರಹ ಮತ್ತು ಚಿತ್ರಗಳ ಮೂರು ಪ್ರತಿಗಳಿರಲಿ: ಮೊಬೈಲಿನಲ್ಲಿ ಅಥವಾ ಗಣಕದಲ್ಲಿ ಒಂದು, ಪ್ರತ್ಯೇಕ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕಿನಲ್ಲಿ ಒಂದು, ಅಂತರಜಾಲದಲ್ಲಿ ಒಂದು.

ಎರಡನೆಯದಾಗಿ, ಬ್ಲಾಗರಿನಲ್ಲಿಯೂ ವರ್ಡ್‌ಪ್ರೆಸ್ಸಿನಲ್ಲಿಯೂ ಇಡೀ ಬ್ಲಾಗನ್ನು ಒಂದು ಕಡತವಾಗಿ ಇಳಿಸಿಕೊಳ್ಳುವ ಅನುಕೂಲವಿದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಂದು ನಿಯಮ ಮಾಡಿಕೊಂಡರೆ ಮರೆಯುವುದಿಲ್ಲ.

ಮೂರನೆಯದಾಗಿ, ಇಂಟರ್ನೆಟ್ ಆರ್ಕೈವ್ ಸಂಸ್ಥೆ 2001ರಲ್ಲಿ ಸಾರ್ವಜನಿಕರಿಗೆ ತೆರೆದ ‘ವೇಬ್ಯಾಕ್ ಮಷಿನ್’ನಲ್ಲಿ ನಿಮ್ಮ ಪುಟದ ವಿಳಾಸ ಕೊಟ್ಟು ಪ್ರತಿ ಉಳಿಸಬಹುದು. ಇದಕ್ಕೆ ಶುಲ್ಕವಿಲ್ಲ.

ನಾಲ್ಕನೆಯದಾಗಿ, ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸಿಗೂ, ಆಧಾರವಿರುವ ಮಾಹಿತಿಯನ್ನು 2003ರಿಂದ ನಡೆದುಬಂದಿರುವ ಕನ್ನಡ ವಿಕಿಪೀಡಿಯಕ್ಕೂ ಕೊಡಬಹುದು. ಅಲ್ಲಿ ಕೊಟ್ಟದ್ದನ್ನು ಹೆಸರು ಹೇಳಿ ಯಾರಾದರೂ ಬಳಸಬಹುದೆಂಬ ಷರತ್ತಿದೆ. ಒಪ್ಪಿಗೆಯಿದ್ದರೆ ಮಾತ್ರ ಕೊಡಿ. ಬೇರೆಯವರು ತೆಗೆದ ಚಿತ್ರವನ್ನು ಅವರ ಅನುಮತಿಯಿಲ್ಲದೆ ಅಲ್ಲಿ ಹಾಕುವಂತಿಲ್ಲ.

ಕೊನೆಯದಾಗಿ, ಕಡತಗಳಿಗೆ ಅರ್ಥವುಳ್ಳ ಹೆಸರಿಡಿ. ಕ್ಯಾಮೆರಾ ಕೊಟ್ಟ ಸಂಖ್ಯೆಯ ಬದಲು ಊರು, ಸ್ಥಳ, ಇಸವಿ ಇರಲಿ. ಮನೆಯಲ್ಲಿ ಒಬ್ಬರಿಗಾದರೂ ಈ ಸಂಗ್ರಹ ಎಲ್ಲಿದೆ, ಹೇಗೆ ತೆರೆಯಬೇಕು ಎಂಬುದು ತಿಳಿದಿರಲಿ.

ಇವುಗಳಲ್ಲಿ ಒಂದಕ್ಕೂ ಹೆಚ್ಚಿನ ಖರ್ಚಿಲ್ಲ. ಒಂದು ಭಾನುವಾರ ಕುಳಿತು ಹಳೆಯ ಸ್ಮರಣ ಸಂಚಿಕೆಯ ನಾಲ್ಕು ಪುಟಗಳನ್ನು ಯುನಿಕೋಡಿಗೆ ತಂದು, ತಿದ್ದಿ, ದಿನಾಂಕ ಹಾಕಿ ಉಳಿಸುವುದರಿಂದ ಪ್ರಾರಂಭಿಸಬಹುದು. ಬೆಂಗಳೂರಿಗೋ ಪರದೇಶಕ್ಕೋ ದುಡಿಯಲು ಹೋದವರ ಮಕ್ಕಳು ಮುಂದೊಂದು ದಿನ ತಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದಾಗ ಆ ನಾಲ್ಕು ಪುಟಗಳು ಅವರಿಗೆ ಸಿಕ್ಕರೆ, ಬರೆದ ಶ್ರಮ ಸಾರ್ಥಕವಾದಂತೆ.