ಹಿಂದೀಪದ ಹಟ

ಪ್ರಶ್ನೆ: ತೋಟದ ಕೆಲಸಕ್ಕೆ ಬಳಸುವ ನಾಲ್ಕು ಚಕ್ರದ ಎಟಿವಿಗೆ ಎಲ್‌ಇಡಿ ಟೇಲ್ ಲೈಟ್ ಜೋಡಿಸಿದೆ. ಉರಿಯಲಿಲ್ಲ. ವೈರುಗಳನ್ನು ಅದಲುಬದಲು ಮಾಡಿದಾಗ ಉರಿಯಿತು. ಹಳೆಯ ಬಲ್ಬಿಗೆ ಈ ತಕರಾರು ಇರಲಿಲ್ಲವಲ್ಲ, ಏಕೆ?

ಉತ್ತರ: ಹಳೆಯ ಬಲ್ಬಿನೊಳಗೆ ಇರುವುದು ಟಂಗ್‌ಸ್ಟನ್ ತಂತಿ. ವಿದ್ಯುತ್ ಯಾವ ಕಡೆಯಿಂದ ಹರಿದರೂ ಅದು ಕಾದು ಬೆಳಗುತ್ತದೆ. ಎಲ್‌ಇಡಿ ಹಾಗಲ್ಲ, ಅದು ಬಾವಿಯ ಪಂಪಿನ ಫುಟ್‌ವಾಲ್ವ್ ಇದ್ದಂತೆ. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ.

ಎಲ್‌ಇಡಿಯಲ್ಲಿ ಅರೆವಾಹಕದ ಎರಡು ಪದರಗಳಿವೆ. ಒಂದರಲ್ಲಿ ಎಲೆಕ್ಟ್ರಾನುಗಳು ಹೆಚ್ಚು, ಇನ್ನೊಂದರಲ್ಲಿ ಅವುಗಳಿಗಾಗಿ ಖಾಲಿ ಜಾಗಗಳು. ಬ್ಯಾಟರಿಯ ಪ್ಲಸ್ ತುದಿ ಖಾಲಿ ಜಾಗಗಳ ಪದರಕ್ಕೆ ಸೇರಿದಾಗ ಎಲೆಕ್ಟ್ರಾನುಗಳು ಗಡಿ ದಾಟಿ ಆ ಜಾಗಗಳಿಗೆ ಬೀಳುತ್ತವೆ. ಬೀಳುವಾಗ ಕಳೆದುಕೊಂಡ ಶಕ್ತಿಯೇ ಬೆಳಕು. ತಿರುಗಿಸಿ ಕೊಟ್ಟರೆ ಎರಡೂ ಗಡಿಯಿಂದ ಹಿಂದೆ ಸರಿಯುತ್ತವೆ, ದಾರಿ ಮುಚ್ಚುತ್ತದೆ. ನಿಮ್ಮ ದೀಪ ಸುಟ್ಟುಹೋಗದೆ ಬರೀ ಮುನಿಸಿಕೊಂಡಿದ್ದು ಅದೃಷ್ಟ!

ಸಾಮಾನ್ಯವಾಗಿ ಇಂಥ ದೀಪಕ್ಕೆ ಮೂರು ವೈರುಗಳು: ಗ್ರೌಂಡ್, ಟೇಲ್, ಬ್ರೇಕ್. ಬಣ್ಣ ನಂಬಬೇಡಿ, ಕಂಪನಿಗೊಂದು ಪದ್ಧತಿ. ಟೆಸ್ಟರ್ ಹಿಡಿದು ನೋಡಿ. ಮೊದಲು ಗ್ರೌಂಡ್ ಗಟ್ಟಿಯಾಗಿ ಕೂರಿಸಿ.

ಶ್ರಮಕ್ಕೆ ಫಲವೂ ಉಂಟು. ಬ್ರೇಕ್ ಒತ್ತಿದಾಗ ತಂತಿ ಕಾಯಲು ಸುಮಾರು 0.2 ಸೆಕೆಂಡು ಬೇಕು, ಎಲ್‌ಇಡಿ ತಕ್ಷಣ ಬೆಳಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದೆ ಬರುವವನಿಗೆ ಅಷ್ಟರಲ್ಲಿ 3 ಮೀಟರಿಗಿಂತ ಹೆಚ್ಚು ದೂರ ಉಳಿಯುತ್ತದೆ. ಕೆಸರುಗುಂಡಿಯ ಕುಲುಕಾಟಕ್ಕೆ ತುಂಡಾಗಲು ಎಲ್‌ಇಡಿಯಲ್ಲಿ ಅಂಥ ತಂತಿಯೂ ಇಲ್ಲ.