ನಾಯಿ ಕಚ್ಚಿದ ಗಾಯಕ್ಕೆ ಹಾಕುವ ಔಷಧಿ

ನಾಯಿ ಕಚ್ಚಿದರೆ ಹೊಕ್ಕಳ ಸುತ್ತ 14 ಸೂಜಿ ಅಂತ ನಾವೆಲ್ಲ ಹೆದರುತ್ತಿದ್ದೆವು. ಈಗ ಅದು ಇಲ್ಲ. ತೋಳಿಗೇ ಲಸಿಕೆ ಹಾಕುತ್ತಾರೆ. ಆದರೆ ಗಾಯವಾಗಿ ರಕ್ತ ಬಂದಿದ್ದರೆ ಲಸಿಕೆ ಒಂದೇ ಸಾಲದು. ಗಾಯದ ಒಳಗೂ ಸುತ್ತಲೂ ಇನ್ನೊಂದು ಔಷಧಿ ಚುಚ್ಚಬೇಕು. ಯಾಕೆ?

ರೋಗ ಇರುವ ನಾಯಿಯ ಜೊಲ್ಲಿನಲ್ಲಿ ರೇಬೀಸ್ ವೈರಸ್ ಇರುತ್ತದೆ. ಅದು ನರ ಹಿಡಿದು ಮೆದುಳಿನ ಕಡೆ ಹೊರಡುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಜೀವ ಉಳಿಯುವುದಿಲ್ಲ ಅಂತಲೇ ಹೇಳಬೇಕು.

ವೈರಸ್ಸನ್ನು ಹಿಡಿಯುವ ಕಾವಲುಗಾರರು ನಮ್ಮ ರಕ್ತದಲ್ಲಿ ಇದ್ದಾರೆ. ಇವಕ್ಕೆ ಪ್ರತಿಕಾಯ ಅಂತ ಹೆಸರು. ಒಂದು ಬೀಗಕ್ಕೆ ಒಂದೇ ಕೀಲಿ. ಹಾಗೆಯೇ ಒಂದು ಪ್ರತಿಕಾಯ ಒಂದೇ ಗುರುತನ್ನು ಹಿಡಿಯುತ್ತದೆ. ಲಸಿಕೆ ಹಾಕಿದರೆ ಮೈ ತಾನೇ ಪ್ರತಿಕಾಯ ತಯಾರಿಸುತ್ತದೆ. ಅದಕ್ಕೆ ಒಂದೆರಡು ವಾರ ಬೇಕು. ಅಲ್ಲೀತನಕ ವೈರಸ್ ಸುಮ್ಮನೆ ಕೂತೀತೆ? ಅದಕ್ಕೇ ತಯಾರಾದ ಪ್ರತಿಕಾಯವನ್ನು ಗಾಯಕ್ಕೆ ಹಾಕುವುದು.

ಮೊದಲೆಲ್ಲ ಇದನ್ನು ಕುದುರೆಯ ರಕ್ತದಿಂದ, ಇಲ್ಲವೇ ಲಸಿಕೆ ಪಡೆದ ಮನುಷ್ಯರ ರಕ್ತದಿಂದ ತೆಗೆಯುತ್ತಿದ್ದರು. ಈಗಲೂ ಅವು ಬಳಕೆಯಲ್ಲಿವೆ. ಆದರೆ ಮನುಷ್ಯರ ರಕ್ತದ ಔಷಧಿ ಬಲು ದುಬಾರಿ.

ಬೇರೆ ದಾರಿ ಸಿಕ್ಕಿದ್ದು 1975ರಲ್ಲಿ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಕೋಹ್ಲರ್, ಮಿಲ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳು ಇದ್ದರು. ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದ ಜೀವಕೋಶಗಳಿಂದ ಆಗಿದೆ. ಇಲಿಯ ಮೈಯೂ ಹಾಗೆಯೇ. ಪ್ರತಿಕಾಯ ಮಾಡುವ ಜೀವಕೋಶವನ್ನು ಅವರು ಇಲಿಯಿಂದ ತೆಗೆದರು. ಮೈಯಿಂದ ಹೊರಗೆ ಅದು ಬೇಗ ಸಾಯುತ್ತದೆ. ಕ್ಯಾನ್ಸರ್ ಜೀವಕೋಶ ಹಾಗಲ್ಲ, ಬೆಳೀತಾನೇ ಇರುತ್ತದೆ. ಎರಡನ್ನೂ ಬೆಸೆದರು. ಕೆಟ್ಟದ್ದರ ಗುಣವನ್ನೇ ಒಳ್ಳೆಯದಕ್ಕೆ ಬಳಸಿದರು ನೋಡಿ! ಬೆಸೆದವುಗಳಲ್ಲಿ ಬೇಕಾದ ಒಂದನ್ನು ಆರಿಸಿ ಬೆಳೆಸಿದರು. ಒಂದೇ ರಾಗಿಕಾಳು ಬಿತ್ತಿ, ಅದರ ಬೆಳೆಯನ್ನೇ ಮತ್ತೆ ಮತ್ತೆ ಬಿತ್ತಿದ ಹಾಗೆ. ಬೆರಕೆ ಇಲ್ಲ. ಎಲ್ಲವೂ ಒಂದೇ ಥರದ ಪ್ರತಿಕಾಯ ಕೊಡುತ್ತವೆ. ಇದಕ್ಕೆ ಮೋನೋಕ್ಲೋನಲ್ ಪ್ರತಿಕಾಯ ಅಂತಾರೆ. 1984ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಬಸಿರು ನೋಡುವ ಪಟ್ಟಿಯಲ್ಲಿ ಗೆರೆ ಮೂಡಿಸುವುದೂ ಇಂಥ ಪ್ರತಿಕಾಯವೇ. ಸ್ತನ ಕ್ಯಾನ್ಸರಿನ ಒಂದು ಔಷಧಿಯೂ ಇದೇ ಜಾತಿಯದು. ರೇಬೀಸಿಗೆ ನಮ್ಮ ದೇಶದಲ್ಲಿ 2017ರಲ್ಲಿ ಬಂತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಅದನ್ನು ತಯಾರಿಸಿತು. ದೊಡ್ಡ ತೊಟ್ಟಿಗಳಲ್ಲಿ ಜೀವಕೋಶ ಬೆಳೆಸಿ ಇದನ್ನು ಮಾಡುತ್ತಾರೆ. ಕುದುರೆಯ ರಕ್ತವೂ ಬೇಡ, ಮನುಷ್ಯರ ರಕ್ತವೂ ಬೇಡ.

ನಾಯಿ ಕಚ್ಚಿದ ಕೂಡಲೇ ಗಾಯಕ್ಕೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಸಿನ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಬೇಕು. "ಲಸಿಕೆ ಆಯಿತು, ಗಾಯಕ್ಕೆ ಹಾಕುವ ಔಷಧಿ ಬೇಕೇ?" ಎಂದು ಬಾಯಿಬಿಟ್ಟು ಕೇಳೋಣ. ಕೇಳಲು ನಾಚಿಕೆ ಯಾಕೆ? ಲಸಿಕೆಯನ್ನು ಚೀಟಿಯಲ್ಲಿ ಬರೆದ ದಿನಗಳಂದು ತಪ್ಪದೆ ಹಾಕಿಸಬೇಕು. ಗಾಯದ ಔಷಧಿ ಒಂದೇ ಸಲ. ಮೊದಲ ದಿನ ಸಿಗದಿದ್ದರೆ, ಲಸಿಕೆ ಶುರುವಾದ 7 ದಿನದೊಳಗೆ ಹಾಕಿಸಬಹುದು. ಆಮೇಲೆ ಅದು ಬೇಕಿಲ್ಲ. ಅಷ್ಟರಲ್ಲಿ ನಮ್ಮ ಮೈಯೇ ಪ್ರತಿಕಾಯ ಮಾಡಲು ಶುರು ಮಾಡಿರುತ್ತದೆ.